ಹಾಜರಿಯ ಏಳನೆಯ ಹೆಸರು

ಯಮನೂರು ದಾಟಿ ಮೈಲು ದೂರ ನಡೆದರೆ ಬೆಣ್ಣಿಹಳ್ಳದ ಮಗ್ಗುಲಲ್ಲಿ ಹೊಸ ಕಾಲುವೆಯ ಮಣ್ಣಿನ ಏರಿ ಕಾಣುತ್ತಿತ್ತು. ಎಪ್ಪತ್ತಾರನೇ ಇಸವಿಯ ಮಾತು. ಮಲಪ್ರಭೆಯ ನೀರು ಇನ್ನೂ ಅಲ್ಲಿಗೆ ಮುಟ್ಟಿರಲಿಲ್ಲ. ಕಾಲುವೆ ಬಾಯಿ ತೆರೆದುಕೊಂಡು ಬಿದ್ದಿತ್ತು, ಅದರ ಮೇಲೆ ಚಕ್ಕಡಿ ದಾಟಲೆಂದು ಒಂದು ಸಣ್ಣ ಪೂಲು, ಕಮಾನಿನ ಸೇತುವೆ, ಕಟ್ಟುವ ಕೆಲಸ ನಡೆದಿತ್ತು. ಸುತ್ತ ಕಣ್ಣು ಹೋದಷ್ಟು ದೂರ ಎರೆ ನೆಲ. ಹಕ್ಕಿಗೆ ಹೊಡೆಯೋಣವೆಂದರೂ ಒಂದು ಕಲ್ಲು ಸಿಕ್ಕದ ಸೀಮೆ ಅದು. ಕಲ್ಲೆಲ್ಲ ಲಾರಿಯಲ್ಲಿ ಬರಬೇಕು. ಬಂದ ಕಲ್ಲನ್ನು ಅಲ್ಲೇ ಕಡಿದು ಹದ ಮಾಡಿ ಕಮಾನಿಗೆ ಏರಿಸಬೇಕು.

ಗುತ್ತಿಗೆ ಹಿಡಿದವನು ಸಂಶಿಯ ಮಡಿವಾಳೆಪ್ಪ. ಗುತ್ತೇದಾರ ಎಂದು ಅವನನ್ನು ಯಾರೂ ಕರೆಯುತ್ತಿರಲಿಲ್ಲ, ಮೇಸ್ತ್ರಿ ಎನ್ನುತ್ತಿದ್ದರು. ಅರವತ್ತಕ್ಕೆ ಎರಡೋ ಮೂರೋ ಕಡಿಮೆ ವಯಸ್ಸು. ಹೆಂಡತಿ ಚೊಚ್ಚಲ ಬಾಣಂತನದಲ್ಲೇ ಹೋದಳು, ಕೂಸೂ ಅವಳ ಹಿಂದೆಯೇ ಹೋಯಿತು. ಮತ್ತೆ ಮದುವೆಯ ಮಾತೆತ್ತಿದವರಿಗೆಲ್ಲ, "ಶಿವಾ ಕೊಟ್ಟಿದ್ದ, ತಗೊಂಡ. ಅವನ ಕೂಡ ಜಗಳ ಏನು" ಎಂದು ಹೇಳಿ ಕಳಿಸಿದ್ದ. ಎಲ್ಲಿ ಕಟ್ಟಡವೋ ಅಲ್ಲಿ ಅವನ ತಗಡಿನ ಶೆಡ್ಡು, ಅದೇ ಮನೆ.

ದಿನಾ ಬೆಳಿಗ್ಗೆ ಜಳಕ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಎಳೆದುಕೊಂಡು, ಶೆಡ್ಡಿನ ಮುಂದೆ ಒಂದು ಕಲ್ಲಿನ ಮೇಲೆ ಕುಳಿತು ಹಾಜರಿ ಪುಸ್ತಕ ತೆಗೆಯುತ್ತಿದ್ದ. ಅದರಲ್ಲಿ ಹದಿನೈದು ಹೆಸರು. ಒಂದೊಂದನ್ನೂ ನಿಧಾನವಾಗಿ, ಪೂಜೆಯ ಉಳಿದ ಮಂತ್ರವೋ ಎಂಬಂತೆ ಕರೆಯುವನು. ಕರೆದವನು "ಹೂಂನ್ರೀ" ಅನ್ನುವನು. ಅವನ ಹಿಂದೆ ಸೆರಗು ಕಟ್ಟಿಕೊಂಡು ನಿಂತ ಹೆಂಡತಿ ಏನೂ ಅನ್ನುತ್ತಿರಲಿಲ್ಲ, ಏಕೆಂದರೆ ಅವಳನ್ನು ಯಾರೂ ಕರೆದಿರಲಿಲ್ಲ. ಕಟ್ಟಡದ ಕೆಲಸಕ್ಕೆ ಆಳು ಹಿಡಿಯುತ್ತಿದ್ದುದು ಜೋಡಿಯ ಲೆಕ್ಕದಲ್ಲಿ. ಗಂಡ ಕಲ್ಲು ಕಡಿದರೆ ಹೆಂಡತಿ ಚಕ್ಕೆ ಹೊರುತ್ತಾಳೆ. ಗಂಡ ಗೋಡೆಯ ಮೇಲಿದ್ದರೆ ಹೆಂಡತಿ ಕೆಳಗಿನಿಂದ ಗಚ್ಚಿನ ಬುಟ್ಟಿ ಏರಿಸುತ್ತಾಳೆ. ಎರಡು ಎತ್ತಿಗೆ ಒಂದು ನೊಗ, ಜೋಡಿಗೆ ಒಂದು ಹೆಸರು. ಮಡಿವಾಳೆಪ್ಪನ ಅಪ್ಪನ ಕಾಲದಲ್ಲೂ ಹಾಗೆಯೇ ಇತ್ತು.

ಏಳನೆಯ ಹೆಸರು ಹೊಳೆಯಪ್ಪನದು.

ಹೊಳೆಯಪ್ಪ ಸತ್ತು ಎರಡು ವರ್ಷವಾಗಿತ್ತು.

ಅವನು ಕಲಘಟಗಿ ಕಡೆಯ ತಂಬೂರದವನು. ಕುರಿ ಕಾಯುವ ಮನೆತನ. ಯಾವುದೋ ಬರಗಾಲದಲ್ಲಿ ಕುರಿ ಮಾರಿ ಕಲ್ಲುಕುಟಿಗನ ಚಾಣ ಹಿಡಿದಿದ್ದ. ಇಪ್ಪತ್ತೆರಡು ವರ್ಷ ಮಡಿವಾಳೆಪ್ಪನ ಸಂಗಡ ಕಲ್ಲು ಕಡಿದ. ಇವನ ಹಣೆಯಲ್ಲಿ ವಿಭೂತಿ, ಅವನ ಹಣೆಯಲ್ಲಿ ಭಂಡಾರ. ಇಬ್ಬರೂ ಮಾತಿನ ಮನುಷ್ಯರಲ್ಲ. ಸಂಜೆ ಕೆಲಸ ಬಿಟ್ಟ ಮೇಲೆ ಒಂದು ಕಲ್ಲಿನ ಆಚೆ ಇವನು, ಈಚೆ ಅವನು, ಕುಳಿತೇ ಕುಳಿತಿರುತ್ತಿದ್ದರು. ಹೊಸ ಕಲ್ಲು ಬಂದರೆ ಹೊಳೆಯಪ್ಪ ಬೆರಳ ಗೆಣ್ಣಿನಿಂದ ಬಡಿದು, ಕಿವಿ ಹಚ್ಚಿ ಕೇಳಿ, "ಇದು ಒಲ್ಲೆ ಅಂತೈತ್ರಿ ಮೇಸ್ತ್ರಿ" ಎನ್ನುತ್ತಿದ್ದ. ಅವನು ಒಲ್ಲದ ಕಲ್ಲನ್ನು ಮಡಿವಾಳೆಪ್ಪ ಎಂದೂ ಗೋಡೆಗೆ ಏರಿಸಲಿಲ್ಲ. ಆ ನಂಬಿಕೆಯ ಮೇಲೆ ಇಪ್ಪತ್ತೆರಡು ವರ್ಷ ನಡೆಯಿತು. ಅದಕ್ಕೆ ಗೆಳೆತನ ಎಂಬ ಹೆಸರನ್ನು ಇಬ್ಬರಲ್ಲಿ ಯಾರೂ ಇಟ್ಟಿರಲಿಲ್ಲ.

ಕಾಮಾಲೆ ಬಂತು. ಹಸಿರು ಮದ್ದು ಕುಡಿಸಿದರು, ಕೈಗೆ ಬರೆ ಹಾಕಿಸಿದರು. ಊರಿಗೆ ಹೋಗಿ ಮಲಗುತ್ತೇನೆ ಎಂದು ಹೋದವನು ಹದಿನೈದು ದಿನಕ್ಕೆ ತೀರಿಹೋದ. ಸುದ್ದಿ ಮುಟ್ಟಿದಾಗ ಮಡಿವಾಳೆಪ್ಪ ಅಣ್ಣಿಗೇರಿಯಲ್ಲಿದ್ದ. ಮೂರು ಬಸ್ಸು ಬದಲಿಸಿ ತಂಬೂರಕ್ಕೆ ಹೋಗುವಷ್ಟರಲ್ಲಿ ಮಣ್ಣು ಮುಗಿದು ಜನ ಕೈಕಾಲು ತೊಳೆದುಕೊಂಡಿದ್ದರು. ಹಸಿ ಮಣ್ಣಿನ ದಿಬ್ಬವೊಂದನ್ನು ತೋರಿಸಿದರು. ಅದನ್ನು ನೋಡಿ ಅವನಿಗೆ ಏನೂ ಅನ್ನಿಸಲಿಲ್ಲ. ಮಣ್ಣಿನ ದಿಬ್ಬ ಅವನು ದಿನಾ ನೋಡುವಂಥದ್ದೇ.

ಹದಿಮೂರು ದಿನ ಕಳೆದು ಹೊಳೆಯಪ್ಪನ ಹೆಂಡತಿ ಕೆಂಚವ್ವ ಅಣ್ಣಿಗೇರಿಯ ಕೆಲಸಕ್ಕೆ ಮರಳಿ ಬಂದಳು. ಬುಟ್ಟಿ ಹಿಡಿಯಲಿಲ್ಲ. ಗಂಡನ ಚಾಣ ಸುತ್ತಿಗೆ ತೆಗೆದುಕೊಂಡು ಹೋಗಿ ಅವನು ಅರ್ಧ ಕಡಿದು ಬಿಟ್ಟ ಕಲ್ಲಿನ ಮುಂದೆ ಕುಳಿತಳು. ಗೋಡೆ ಕಟ್ಟುವ ಗೌಂಡಿಗಳು ಮುಖ ಮುಖ ನೋಡಿಕೊಂಡರು. ಹೆಂಗಸು ಚಕ್ಕೆ ಹೊರಬಹುದು. ಚಾಣ ಹಿಡಿದದ್ದನ್ನು ಆ ಕಡೆ ಯಾರೂ ಕಂಡಿರಲಿಲ್ಲ. ಅಂದು ಬೆಳಿಗ್ಗೆ ಮಡಿವಾಳೆಪ್ಪ ಹಾಜರಿ ಕರೆಯುತ್ತ ಆರನೆಯ ಹೆಸರು ದಾಟಿ, ಕೈರೂಢಿಯಂತೆ ಬಾಯಿರೂಢಿಯೂ ಇರುತ್ತದಲ್ಲ, "ಹೊಳೆಯಪ್ಪ" ಎಂದುಬಿಟ್ಟ. ಎಲ್ಲರೂ ಪುಸ್ತಕದ ಕಡೆ ನೋಡಿದರು. ಕಲ್ಲಿನ ರಾಶಿಯ ಹಿಂದಿನಿಂದ ಕೆಂಚವ್ವನ ದನಿ ಬಂತು.

"ಹೂಂನ್ರೀ."

ಅಂದಿನಿಂದ ಅದೇ ನಡೆದುಕೊಂಡು ಬಂತು. ಅವನು ಹೊಳೆಯಪ್ಪ ಅನ್ನುವನು, ಅವಳು ಹೂಂ ಅನ್ನುವಳು. ಹೆಂಡತಿ ಗಂಡನ ಹೆಸರು ಬಾಯಿಂದ ಆಡುವಂತಿಲ್ಲ, ಗಂಡ ಸತ್ತ ಮೇಲೂ ಆಡುವಂತಿಲ್ಲ. ಮಕ್ಕಳಿಲ್ಲ. ಮಡಿವಾಳೆಪ್ಪ ಯೋಚಿಸಿದ: ಈ ಭೂಮಿಯ ಮೇಲೆ ದಿನಕ್ಕೊಮ್ಮೆ ಆ ಹೆಸರು ಗಾಳಿಗೆ ಬೀಳುವ ಜಾಗ ಇದೊಂದೇ, ಪಾಪ, ಆ ಹೆಣ್ಣುಮಗಳ ಸಲುವಾಗಿ ಇಷ್ಟಾದರೂ ಇರಲಿ. ಮಧ್ಯಾಹ್ನದ ಹೊತ್ತು ಶೆಡ್ಡಿನ ನೆರಳಲ್ಲಿ ಕಲ್ಲಿನ ರಾಶಿಗೆ ಬೆನ್ನು ಹಾಕಿ ಕುಳಿತು, ಹಿಂದಿನಿಂದ ಬರುವ ಚಾಣದ ಸದ್ದು ಕೇಳುತ್ತಿದ್ದ. ತಿರುಗಿ ನೋಡದಿದ್ದರೆ ಹೊಳೆಯಪ್ಪ ಅಲ್ಲೇ ಇದ್ದ. ಅದಕ್ಕೇ ಅವನು ತಿರುಗಿ ನೋಡುತ್ತಿರಲಿಲ್ಲ.

ಹೀಗಿರುವಾಗ ಶಿವರಾತ್ರಿ ಕಳೆದ ವಾರದಲ್ಲಿ ಒಂದು ಜೀಪು ಏರಿಯ ಮೇಲೆ ಧೂಳೆಬ್ಬಿಸುತ್ತ ಬಂತು. ತುರ್ತು ಪರಿಸ್ಥಿತಿಯ, ಇಪ್ಪತ್ತಂಶದ ಕಾರ್ಯಕ್ರಮದ ಕಾಲ. ಅಧಿಕಾರಿಗಳು ಕುರ್ಚಿ ಬಿಟ್ಟು ಹಳ್ಳಿ ಹಳ್ಳಿ ತಿರುಗುತ್ತಿದ್ದರು. ಜೀಪಿನಿಂದ ಇಳಿದವನು ಲೇಬರ್ ಇಲಾಖೆಯ ಇನ್‌ಸ್ಪೆಕ್ಟರು. ಮೈಸೂರು ಕಡೆಯ ತರುಣ, ಕಪ್ಪು ಚೌಕಟ್ಟಿನ ಕನ್ನಡಕ, ಕಂಕುಳಲ್ಲಿ ಚರ್ಮದ ಚೀಲ. ಮೊದಲು ಕುಡಿಯುವ ನೀರಿನ ಹರವಿಯ ಮುಚ್ಚಳ ತೆಗೆದು ನೋಡಿದ. ಆಮೇಲೆ ನೆರಳಿಗೆ ಹಾಕಿದ ಚಪ್ಪರ ನೋಡಿದ. ಆಮೇಲೆ ಮಡಿವಾಳೆಪ್ಪನ ಕಡೆ ತಿರುಗಿದ.

"ಎಷ್ಟು ಜನ ಕೆಲಸಗಾರರು ನಿಮ್ಮ ಹತ್ರ?"

"ಹದಿನೈದ್ರಿ, ಸಾಹೇಬ್ರ."

"ಲೈಸೆನ್ಸ್ ಮಾಡಿಸಿದೀರಾ?"

"ಇಪ್ಪತ್ತರ ಒಳಗಿದ್ರ ಬೇಕಾಗಿಲ್ಲ ಅಂತ ಎಂಜಿನಿಯರ ಸಾಹೇಬ್ರ ಕಾರಕೂನ ಹೇಳ್ಯಾನ್ರಿ."

ತರುಣ ಪೆನ್ನಿನ ತುದಿಯಿಂದ ಗಾಳಿಯಲ್ಲಿ ಚುಕ್ಕೆ ಇಡುತ್ತ, ಕಮಾನಿನ ಮೇಲೆ, ಕೆಳಗೆ, ಗಚ್ಚು ಕಲಸುವಲ್ಲಿ, ಕಲ್ಲಿನ ರಾಶಿಯಲ್ಲಿ, ಎಲ್ಲ ಕಡೆ ಎಣಿಸಿದ.

"ಇಪ್ಪತ್ತಾರು."

ಮಡಿವಾಳೆಪ್ಪ ತಾನೂ ಕಣ್ಣಿನಿಂದಲೇ ಎಣಿಸಿದ. ಹದಿನಾಲ್ಕು ಗಂಡಸರು. ಹದಿನೈದನೆಯವನ ಜಾಗದಲ್ಲಿ ಅವನ ಕಣ್ಣು ಒಂದು ಗಳಿಗೆ ನಿಂತು ಮುಂದೆ ಸರಿಯಿತು. "ಹದಿನೈದ್ರಿ" ಎಂದ.

"ಅಲ್ಲಿ ಬುಟ್ಟಿ ಹೊತ್ತವರು ಯಾರು?"

"ಅವರು ಹೆಣ್ಮಕ್ಕಳ್ರಿ."

"ಅವರು ಕೆಲಸ ಮಾಡ್ತಾ ಇಲ್ವಾ?"

"ಮಾಡ್ತಾರ್ರಿ. ಗಂಡಂದಿರ ಜೋಡಿ ಮಾಡ್ತಾರ್ರಿ."

ಕಮಾನಿನ ಮೇಲೆ ಕುಳಿತಿದ್ದ ಗೌಂಡಿ ದಾವೂದಸಾಬ ಗಚ್ಚು ಮೆತ್ತುವ ಕರಣಿ ಕೆಳಗಿಟ್ಟ. ಮೇಸ್ತ್ರಿಗೂ ಅವನಿಗೂ ಹಳೆಯ ಸಲಿಗೆ. "ಮೇಸ್ತ್ರ್ಯಾರ, ನನಗ ಎಣಿಕಿ ಬರಂಗಿಲ್ಲ ಅಂತ ಒಪ್ಪಿಕೊಂಡು ಬಿಡ್ರಿ" ಎಂದು ಮೇಲಿನಿಂದಲೇ ಕೂಗಿದ. "ನೀವು ಜೇಲಿಗೆ ಹೋದ್ರ ನಮಗ ಚಾ ಕುಡಸೂವ್ರು ಯಾರು?" ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಇನ್‌ಸ್ಪೆಕ್ಟರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಹಾಜರಿ ಪುಸ್ತಕ ಕೇಳಿದ. ಹೆಸರಿನ ಮುಂದೆ ಕೆಲಸ, ಕೆಲಸದ ಮುಂದೆ ದಿನದ ಪಗಾರ ಬರೆದಿತ್ತು. ಅವನ ಬೆರಳು ಇಳಿಯುತ್ತ ಬಂದು ಏಳನೆಯ ಸಾಲಿನಲ್ಲಿ ನಿಂತಿತು.

"ಈ ಹೊಳೆಯಪ್ಪ ಅನ್ನೋರು ಏನು ಕೆಲಸ ಮಾಡ್ತಾರೆ?"

"ಕಲ್ಲು ಕಡೀತಾನ್ರಿ."

"ಮಿಕ್ಕ ಕಲ್ಲು ಕಡಿಯೋರಿಗೆಲ್ಲ ಆರು ರೂಪಾಯಿ. ಇವರೊಬ್ಬರಿಗೆ ಮೂರು. ಯಾಕೆ?"

ಮಡಿವಾಳೆಪ್ಪ ಆ ಸಾಲಿನ ಮೇಲೆ ಬಗ್ಗಿದ. ಇಷ್ಟು ದಿನ ಆ ಎರಡು ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಅವನು ನೋಡಿಯೇ ಇರಲಿಲ್ಲ. ಹೆಸರು ಗಂಡಸಿನದು, ಪಗಾರ ಹೆಂಗಸಿನದು. ಎರಡೂ ರೂಢಿಯೇ.

"ಕರೀರಿ ಅವರನ್ನ."

"ಅಂವಾ… ಇಲ್ಲೇ ಅದಾನ್ರಿ" ಎಂದ ಮಡಿವಾಳೆಪ್ಪ. ಎದೆಯ ಮೇಲೆ ಲಿಂಗ ಕಟ್ಟಿಕೊಂಡವನು, ಸುಳ್ಳಾಡಿದವನಲ್ಲ. ಆಡಿದ್ದು ಸುಳ್ಳು ಎಂದು ಆ ಹೊತ್ತಿನಲ್ಲಿ ಅವನಿಗೆ ಅನ್ನಿಸಲೂ ಇಲ್ಲ. ಬೆಳಗಿನ ಅದೇ ದನಿಯಲ್ಲಿ ಕರೆದ. "ಹೊಳೆಯಪ್ಪ."

"ಹೂಂನ್ರೀ" ಎನ್ನುತ್ತ ಕಲ್ಲಿನ ರಾಶಿಯ ಹಿಂದಿನಿಂದ ಕೆಂಚವ್ವ ಎದ್ದು ಬಂದಳು. ಕಣ್ಣರೆಪ್ಪೆಯ ತುಂಬ ಕಲ್ಲಿನ ಹಿಟ್ಟು, ಕೈಯಲ್ಲಿ ಚಾಣ.

ಇನ್‌ಸ್ಪೆಕ್ಟರು ಪುಸ್ತಕ ನೋಡಿದ, ಅವಳನ್ನು ನೋಡಿದ. "ನಾನು ಕರೆದದ್ದು ಹೊಳೆಯಪ್ಪನವರನ್ನ. ಎಲ್ಲಿದಾರೆ ಅವರು?"

ಕೆಂಚವ್ವ ಸೆರಗು ಬಾಯಿಗೆ ತಂದುಕೊಂಡು ನೆಲ ನೋಡಿದಳು.

"ಅಕಿ ಹೆಂಗ ಹೇಳ್ತಾಳ್ರೀ ಸಾಹೇಬ್ರ?" ಎಂದು ಗಚ್ಚು ಕಲಸುತ್ತಿದ್ದ ಮಲ್ಲಕ್ಕ ನಡುವೆ ಬಾಯಿ ಹಾಕಿದಳು. ಆಳುಗಳಲ್ಲಿ ಹಿರಿಯನಾದ ಈರಪ್ಪನ ಹೆಂಡತಿ ಅವಳು. "ಗಂಡನ ಹೆಸರದು. ಓದಿದವರಿಗೆ ಅಷ್ಟೂ ತಿಳಿಯಂಗಿಲ್ಲೇನು?"

"ಸತ್ತು ಎರಡು ವರ್ಷ ಆತ್ರಿ ಅಂವಾ" ಎಂದು ದಾವೂದಸಾಬ ಮೇಲಿನಿಂದ ಮೆಲ್ಲಗೆ ಹೇಳಿದ. ಈ ಸಲ ಅವನ ದನಿಯಲ್ಲಿ ಚೇಷ್ಟೆ ಇರಲಿಲ್ಲ.

ತರುಣ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ. "ನಿಮ್ಮ ಹೆಸರೇನಮ್ಮ?" ಎಂದು ಕೇಳಿದ.

"ಕೆಂಚವ್ವ ರಿ."

ದಿನಾ ಹೂಂ ಅನ್ನುವ ದನಿಯಲ್ಲ ಅದು. ಇನ್ನಷ್ಟು ಗಟ್ಟಿ ಇತ್ತು. ಮಡಿವಾಳೆಪ್ಪ ಅದನ್ನು ಗಮನಿಸಿದ, ಗಮನಿಸಿದ್ದನ್ನು ಅಲ್ಲೇ ಬಿಟ್ಟ.

ಇನ್‌ಸ್ಪೆಕ್ಟರು ಕಲ್ಲಿನ ಮೇಲೆ ಕುಳಿತು, ಮಾಸ್ತರರು ಹೇಳುವ ಹಾಗೆ ಬಿಡಿಸಿ ಹೇಳಿದ. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಇದ್ದರೆ ಗುತ್ತೇದಾರ ಲೈಸೆನ್ಸು ಮಾಡಿಸಬೇಕು. ಜನ ಎಂದರೆ ಗಂಡಸು ಹೆಂಗಸು ಎಲ್ಲ ಸೇರಿ ಜನ. ಒಬ್ಬೊಬ್ಬರ ಹೆಸರೂ ಬೇರೆ ಬೇರೆ ಸಾಲಿನಲ್ಲಿ ಬರೆಯಬೇಕು, ಒಬ್ಬೊಬ್ಬರಿಗೂ ಕೆಲಸದ ಕಾರ್ಡು ಕೊಡಬೇಕು. ಇನ್ನೊಂದು ಕಾಯ್ದೆ ಈ ವರ್ಷವೇ ಬಂದದ್ದು: ಒಂದೇ ಕೆಲಸಕ್ಕೆ ಗಂಡಸಿಗೊಂದು, ಹೆಂಗಸಿಗೊಂದು ಪಗಾರ ಕೊಡುವಂತಿಲ್ಲ. ಈಯಮ್ಮ ಕಲ್ಲು ಕಡಿಯುತ್ತಿದ್ದರೆ ಆರು ರೂಪಾಯಿ ಕೊಡಬೇಕು.

"ಎಂಟು ದಿನ ಟೈಮ್ ಕೊಡ್ತೀನಿ, ಮೇಸ್ತ್ರಿಗಳೇ. ಹೊಸ ರಿಜಿಸ್ಟರ್ ಮಾಡಿ ಇಟ್ಟಿರಿ. ಅದರಲ್ಲಿ ಈ ಏಳನೇ ಹೆಸರು ಇರಕೂಡದು. ಸತ್ತವರ ಹೆಸರಲ್ಲಿ ಹಾಜರಿ ಹಾಕಿದರೆ ಕೇಸಾಗುತ್ತೆ. ನಿಮ್ಮನ್ನ ನೋಡಿದರೆ ಮೋಸಗಾರರ ಥರ ಕಾಣಲ್ಲ. ಆದರೆ ಕಾಗದಕ್ಕೆ ಅದು ಗೊತ್ತಾಗಲ್ಲ."

ಜೀಪು ಹೋಯಿತು. ಧೂಳು ಇಳಿಯಲು ಬಹಳ ಹೊತ್ತು ಬೇಕಾಯಿತು.

ಮರುದಿನವೂ ಅವನು ಹೊಳೆಯಪ್ಪ ಎಂದೇ ಕರೆದ. ಅದರ ಮರುದಿನವೂ. ಒಂದೊಂದು ಬೆಳಗಾದಂತೆ ಎಂಟರಲ್ಲಿ ಒಂದೊಂದು ದಿನ ಕಳೆಯುತ್ತಿತ್ತು. ಲೈಸೆನ್ಸಿನ ಖರ್ಚು, ಮೂರರ ಬದಲು ಆರು, ಇದ್ಯಾವುದೂ ಅವನಿಗೆ ಭಾರವೆನಿಸಲಿಲ್ಲ. ಹೆಂಗಸರ ಹೆಸರು ಬರೆಯಬೇಕೋ, ಬರೆಯೋಣ. ಆದರೆ ಆ ಒಂದು ಹೆಸರಿನ ಮೇಲೆ ತನ್ನ ಕೈಯಿಂದಲೇ ಗೀಟು ಎಳೆಯುವುದು ಅವನಿಂದ ಆಗದ ಮಾತು. ಮಣ್ಣು ಕೊಡಲಂತೂ ಸಿಕ್ಕಲಿಲ್ಲ, ಈಗ ಕಾಗದದಲ್ಲಿ ತಾನೇ ಹೂಳಬೇಕೆ? ಪೂಜೆಗೆ ಕುಳಿತರೆ ಅಂಗೈಯ ಲಿಂಗದ ಮೇಲೆ ಮನಸ್ಸು ನಿಲ್ಲುತ್ತಿರಲಿಲ್ಲ.

ನಾಲ್ಕನೆಯ ದಿನ ಊಟದ ಹೊತ್ತಿನಲ್ಲಿ ದಾವೂದಸಾಬ ಬಂದು ಬಾಜುವಿನಲ್ಲಿ ಕುಳಿತ. ರೊಟ್ಟಿಯ ಗಂಟು ಬಿಚ್ಚುತ್ತ, "ಪುಸ್ತಕ ತಂದ್ರೇನು?" ಎಂದ.

"ನಾಳೆ ನವಲಗುಂದಕ್ಕ ಹೋಗ್ತೀನಿ."

"ನಿನ್ನೆನೂ ಹಂಗ ಅಂದ್ರಿ. ಮೊನ್ನೆನೂ ಹಂಗ ಅಂದ್ರಿ."

ಮಡಿವಾಳೆಪ್ಪ ರೊಟ್ಟಿ ಮುರಿದ.

"ಒಂದು ಮಾತು ಹೇಳ್ತೀನಿ, ಬ್ಯಾಸರಾ ಮಾಡ್ಕೋಬ್ಯಾಡ್ರಿ" ಎಂದ ದಾವೂದಸಾಬ. "ನಾ ಗುಡಿ ಕಟ್ಟೀನಿ, ಮಸೂತಿ ಕಟ್ಟೀನಿ. ಎಲ್ಲೂ ಸತ್ತಂವನ ಹೆಗಲ ಮ್ಯಾಲ ಕಲ್ಲು ಇಟ್ಟಿಲ್ಲ. ನೀವು ಹೋದಂವನ್ನ ಹಿಡಕೊಂಡು ಕುಂತು ಇದ್ದಾಕಿನ್ನ ಮರ್ತೀರಿ."

"ಅಕಿ ಸಲುವಾಗೇ ಅಲ್ಲೇನೋ ನಾ ಮಾಡಿದ್ದು?"

"ಅಕಿನ್ನ ಕೇಳಿದ್ರೇನು?"

ಕೇಳಿರಲಿಲ್ಲ. ಎರಡು ವರ್ಷದಲ್ಲಿ ಅವನು ಕೆಂಚವ್ವನಿಗೆ ಆಡಿದ ಮಾತು ಬೆರಳಲ್ಲಿ ಎಣಿಸುವಷ್ಟು. ಆ ಕಲ್ಲು ಎತ್ತರಿಸವ್ವಾ, ಈ ಅಂಚು ತಗಿಯವ್ವಾ, ಅಷ್ಟೇ.

ಐದನೆಯ ದಿನ ನವಲಗುಂದದ ಅಂಗಡಿಯಲ್ಲಿ ಅಚ್ಚು ಹಾಕಿದ ರಿಜಿಸ್ಟರು ಸಿಕ್ಕಿತು. ಬಸ್ಸಿಗೆ ಕಾಯುತ್ತ ಬೇವಿನ ಗಿಡದ ಕೆಳಗೆ ಅದನ್ನು ತೆರೆದು ನೋಡಿದ. ಅನುಕ್ರಮ ನಂಬರು, ಹೆಸರು, ವಯಸ್ಸು, ಹೆಣ್ಣೋ ಗಂಡೋ. ಅದರ ಮುಂದೆ ಒಂದು ಖಾನೆಯ ನೆತ್ತಿಯ ಮೇಲೆ ಬರೆದಿತ್ತು: ತಂದೆಯ ಅಥವಾ ಗಂಡನ ಹೆಸರು.

ಮಡಿವಾಳೆಪ್ಪ ಆ ಸಾಲನ್ನು ಎರಡು ಸಲ ಓದಿದ. ಅವನ ಎದೆಯ ಮೇಲಿನ ಕಲ್ಲು ಸರಿಯಿತು. ಸರಕಾರ ಎಷ್ಟು ದೂರದಲ್ಲಿದ್ದರೂ ಅದಕ್ಕೂ ಒಂದು ಕರುಳಿದೆ ಅನ್ನಿಸಿತು. ಕರೆಯಲು ಬಾರದಿದ್ದರೇನು, ಹೆಸರು ಪುಸ್ತಕದಲ್ಲಿ ಇದ್ದೇ ಇರುತ್ತದೆ, ಕೆಂಚವ್ವನ ಪಕ್ಕದಲ್ಲಿ, ಕಾಯ್ದೆಯ ಪ್ರಕಾರವೇ. ಬೆಳಿಗ್ಗೆ ಅವಳ ಹೆಸರು ಕರೆಯುವಾಗ ಕಣ್ಣು ಅತ್ತ ಕಡೆ ಹಾಯಿಸಿದರೆ ಆಯಿತು. ಬಸ್ಸು ಬಂದದ್ದು, ಹತ್ತಿದ್ದು, ಯಮನೂರಿನಲ್ಲಿ ಇಳಿದದ್ದು ಯಾವುದೂ ಅವನಿಗೆ ತಿಳಿಯಲಿಲ್ಲ.

ಮರುದಿನ ಮಧ್ಯಾಹ್ನ ಎಲ್ಲರನ್ನೂ ಚಪ್ಪರದಡಿ ಕೂಡಿಸಿ ಬರೆಯಲು ಕುಳಿತ. ಗಂಡಸರದು ಬೇಗ ಮುಗಿಯಿತು. ಹೆಂಗಸರ ಸರದಿ ಬಂದಾಗ ಅವನಿಗೇ ನಾಚಿಕೆಯಾಯಿತು. ಹತ್ತು ವರ್ಷ ತನ್ನ ಗೋಡೆಗಳಿಗೆ ಗಚ್ಚು ಹೊತ್ತವರಲ್ಲಿ ಮಲ್ಲಕ್ಕ, ಕೆಂಚವ್ವ ಇಬ್ಬರನ್ನು ಬಿಟ್ಟರೆ ಯಾರ ಹೆಸರೂ ಅವನಿಗೆ ತಿಳಿದಿರಲಿಲ್ಲ. ಬಾಷಾಸಾಬನ ಮನೆಯಾಕೆ, ಬಸವಣ್ಣೆಪ್ಪನ ಮನೆಯಾಕೆ ಎಂದಷ್ಟೇ ಗೊತ್ತು.

"ರೇಷ್ಮಾಬಿ ರಿ" ಎಂದಳು ಬಾಷಾಸಾಬನ ಹೆಂಡತಿ.

"ತಂದೀದು ಇಲ್ಲಾ ಗಂಡನ ಹೆಸರು?" ಎಂದು ಅವನು ಖಾನೆಯ ನೆತ್ತಿ ಓದಿದ.

ಅವಳು ಪಕ್ಕದವಳ ಮುಖ ನೋಡಿದಳು. ಪಕ್ಕದವಳು ಹೇಳಿದಳು. ಪಕ್ಕದವಳ ಗಂಡನ ಹೆಸರನ್ನು ಅವಳ ಪಕ್ಕದವಳು ಹೇಳಿದಳು. ಹೀಗೆ ಒಬ್ಬರ ಗಂಡನನ್ನು ಇನ್ನೊಬ್ಬರು ಹೇಳುತ್ತ ಸಾಲು ಮುಂದೆ ಸರಿಯಿತು.

"ಏ, ಸರಿಯಾಗಿ ಹೇಳ್ರೇ. ಗಂಡಂದಿರು ಅದಲಬದಲಿ ಆದಾರು" ಎಂದ ದಾವೂದಸಾಬ.

"ಆಗ್ಲಿ ಬಿಡಣ್ಣಾ" ಎಂದಳು ಮಲ್ಲಕ್ಕ. "ಇವ್ನ ಬದ್ಲಿ ಗುಡಗುಡಿ ಸೇದಲಾರದಂವಾ ಸಿಕ್ರ ಕಾಯಿ ಒಡಸ್ತೀನಿ." ಈರಪ್ಪ ತಲೆ ತಗ್ಗಿಸಿ ಮೀಸೆಯಲ್ಲೇ ನಕ್ಕ.

ಆ ಗುಂಪಿನಲ್ಲಿ ಕೆಂಚವ್ವ ಇರಲಿಲ್ಲ. ಹಿಡಿದ ಕಲ್ಲು ಮುಗಿಯಲಿ ಎಂದು ರಾಶಿಯ ಹಿಂದೆಯೇ ಕುಳಿತಿದ್ದಳು. ಎಲ್ಲರೂ ಎದ್ದ ಮೇಲೆ ಮಡಿವಾಳೆಪ್ಪ ರಿಜಿಸ್ಟರು ಹಿಡಿದುಕೊಂಡು ತಾನೇ ಅಲ್ಲಿಗೆ ಹೋದ. ಎರಡು ವರ್ಷದಲ್ಲಿ ಅವಳು ಕುಳಿತು ಕಡಿಯುವ ಕಡೆ ಅವನು ಕಾಲಿಟ್ಟದ್ದು ಅಂದೇ ಮೊದಲು. ಅವಳು ಸುತ್ತಿಗೆ ನಿಲ್ಲಿಸಿ ಸೆರಗು ಸರಿಮಾಡಿಕೊಂಡಳು. ಅವನು ಎದುರಿನ ಕಲ್ಲಿನ ಮೇಲೆ ಕುಳಿತ.

"ನಿನ್ನ ಹೆಸರು ಬರದೀನವ್ವಾ. ಕೆಲಸ, ಕಲ್ಲು ಕಡಿಯೂದು. ಪಗಾರ ಆರು. ಮೊದಲ ಕೊಡಬೇಕಾಗಿತ್ತು, ನನಗ ತಿಳೀಲಿಲ್ಲ."

"ಹೂಂನ್ರೀ."

"ಇಲ್ಲೊಂದು ಖಾನೆ ಐತಿ, ಗಂಡನ ಹೆಸರಿಂದು. ನೀ ಹೇಳೂದು ಬ್ಯಾಡ. ನಾನ ಬರಕೊಂತೀನಿ."

ಅವನು ಪೆನ್ನು ಊರುವಷ್ಟರಲ್ಲಿ ಕೆಂಚವ್ವ ಕೇಳಿದಳು. "ತಂದೀ ಹೆಸರೂ ನಡೀತೈತಂತ ಮಲ್ಲಕ್ಕ ಅಂದ್ಲಲ್ಲರಿ, ಅಣ್ಣಾರ?"

"ನಡೀತೈತಿ. ಲಗ್ನ ಆಗಲಾರದವ್ರಿಗೆ."

"ಹಂಗಂತ ಅದರಾಗ ಬರದೈತೇನ್ರಿ?"

ಮಡಿವಾಳೆಪ್ಪ ನೋಡಿದ. ಹಾಗೆಂದು ಬರೆದಿರಲಿಲ್ಲ.

"ಹಂಗಾರ ನಮ್ಮಪ್ಪನ ಹೆಸರು ಬರ್ಕೋರಿ. ಕನಕಪ್ಪ."

ಕಾಲುವೆಯ ಆಚೆ ಯಾರೋ ಕುಸುಬಿ ಕೀಳುತ್ತ ಹಾಡುತ್ತಿದ್ದರು. ಅವನ ಪೆನ್ನು ಕಾಗದದಿಂದ ಮೇಲೆದ್ದೇ ನಿಂತಿತ್ತು.

"ಯಾಕವ್ವಾ?"

ಅವಳು ಚಾಣ ಕೆಳಗಿಟ್ಟಳು. ಕೈಯ ಹಿಟ್ಟನ್ನು ಒಂದೊಂದೇ ಬೆರಳಿನಿಂದ ಒರೆಸಿಕೊಂಡಳು. "ದಿನಾ ಮುಂಜಾನಿ ನೀವು ಆ ಹೆಸರು ಒದರ್ತೀರಿ. ಆರನೇ ಹೆಸರು ಮುಗಿದಕೂಡ್ಲೆ ನನ್ನ ಎದಿ ಹಿಡಕೊಂತೈತ್ರಿ. ಒಂದು ಉಸರಿನಷ್ಟು ಹೊತ್ತು, ಅವರೇ ಹೂಂ ಅಂತಾರೇನೋ ಅಂತ ಕಾಯ್ತೀನಿ. ಹುಚ್ಚು ನೋಡ್ರಿ. ಅನ್ನಂಗಿಲ್ಲ. ಆಮ್ಯಾಲ ನಾ ಅಂತೀನಿ. ದಿನಾ ಒಮ್ಮೆ ಮಣ್ಣು ಕೊಟ್ಟಂಗ ಆಗತೈತ್ರಿ ನನಗ."

"ಎರಡು ವರ್ಷ ಆತು. ಹೇಳಬಾರ್ದೇನವ್ವಾ?"

"ಮದಲಿಗೆ ಅಂಜಿಕಿ. ಹೂಂ ಅನ್ನದಿದ್ರ ಚಾಣ ಕಸಗೊಂಡು ಬುಟ್ಟಿ ಕೊಟ್ಟೀರಿ ಅಂತ." ಅವಳು ಚಾಣವನ್ನು ಪಕ್ಕಕ್ಕೆ ಸರಿಸಿದಳು. "ಆಮ್ಯಾಲ, ನಿಮಗ ಬೇಕಾಗೈತಿ ಅಂತ ತಿಳೀತು. ಕರೀವಾಗ ನಿಮ್ಮ ದನಿ ಆ ಹೆಸರಿಗಷ್ಟ ಮೆತ್ತಗ ಆಗ್ತಿತ್ತು. ನಿಮಗರೆ ಯಾರದಾರ? ಹೋಗ್ಲಿ, ಒಂದು ಹೂಂ ಅನ್ನಾಕ ನನಗೇನು ಗಂಟು ಹೋಗತೈತಿ ಅಂತ ಅಂದೆ."

ಮಡಿವಾಳೆಪ್ಪ ರಿಜಿಸ್ಟರನ್ನು ತೊಡೆಯ ಮೇಲೆ ಇಟ್ಟುಕೊಂಡ. ಆಮೇಲೆ ತಪ್ಪೊಪ್ಪಿಕೊಳ್ಳುವವನ ಹಾಗೆ, ಅವಳ ಮುಖ ನೋಡದೆ ಹೇಳಿದ. "ಆ ಕಡೆ ಬೆನ್ನು ಮಾಡಿ ಕುಂತು ನಿನ್ನ ಚಾಣದ ಸಪ್ಪಳ ಕೇಳ್ತಿದ್ದೆ. ಅಂವಾ ಕಲಿಸಿದ ಏಟು. ಅಂವನೇ ಕುಂತು ಹೊಡದಂಗ ಇರತಿತ್ತು."

"ಅದು ನಂದ್ರಿ, ಅಣ್ಣಾರ" ಎಂದಳು ಕೆಂಚವ್ವ, ಮೆತ್ತಗೆಯೇ. "ಅವರು ಮೂರು ಏಟು ಹಾಕಿ ಒಂದು ಏಟಿನಷ್ಟು ಹೊತ್ತು ತಡೀತಿದ್ರು, ಕಲ್ಲಿನ ಮಾತು ಕೇಳಾಕ. ನಾ ತಡಿಯಂಗಿಲ್ರಿ. ತಡದ್ರ ಮನಸು ಎಲ್ಲೆಲ್ಲೋ ಹೋಗತೈತಿ."

ಇಪ್ಪತ್ತೆರಡು ವರ್ಷ ಕೇಳಿದ ಏಟು. ಹೌದು, ಮೂರಾದ ಮೇಲೆ ಒಂದು ಬಿಡುವು ಇರುತ್ತಿತ್ತು. ಅದನ್ನು ಅವನು ಮರೆತೇಬಿಟ್ಟಿದ್ದ. ಎರಡು ವರ್ಷ ತಾನು ಕೇಳಿದ್ದು ಹೊಳೆಯಪ್ಪನನ್ನೂ ಅಲ್ಲ, ಈ ಹೆಣ್ಣುಮಗಳನ್ನೂ ಅಲ್ಲ. ಬರಿಯ ತನ್ನ ಹಂಬಲವನ್ನು.

ಖಾನೆಯಲ್ಲಿ ಅವನು ಕನಕಪ್ಪ ಎಂದು ಬರೆದ. ನಿಧಾನವಾಗಿ, ಒತ್ತು ದೀರ್ಘ ಎಲ್ಲ ನೆಟ್ಟಗೆ ಬರೆದ. ಮಸಿ ಆರುವವರೆಗೆ ಇಬ್ಬರೂ ಆ ಪುಟವನ್ನೇ ನೋಡುತ್ತ ಕುಳಿತಿದ್ದರು. ಬಳಿಕ ಅವಳು ಚಾಣ ಎತ್ತಿಕೊಂಡಳು, ಅವನು ಎದ್ದು ಬಂದ.

ಮಾರನೆಯ ಬೆಳಿಗ್ಗೆ ಹಾಜರಿ ಹೆಚ್ಚುಕಡಿಮೆ ಎರಡು ಪಟ್ಟು ಉದ್ದವಾಯಿತು. ಇಪ್ಪತ್ತಾರು ಹೆಸರು. ತಮ್ಮ ಹೆಸರು ಬಯಲಲ್ಲಿ ಕೇಳಿ ಒಬ್ಬಿಬ್ಬರು ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಮಲ್ಲಕ್ಕ ಕುಸ್ತಿಗೆ ಕರೆಸಿಕೊಂಡವಳಂತೆ ಮುಂದೆ ಬಂದು ನಿಂತು ಹೂಂಗುಟ್ಟಿದಳು. ಗಂಡಸರು ಕೆಮ್ಮಿದರು, ಕೆರೆದುಕೊಂಡರು.

"ಕೆಂಚವ್ವ" ಎಂದ ಮಡಿವಾಳೆಪ್ಪ. ಬಾಯಿಗೆ ಹೊಸದಾದ ಹೆಸರು, ಸ್ವಲ್ಪ ಒರಟಾಗಿ ಬಂತು.

ಉತ್ತರ ತಕ್ಷಣ ಬಂತು. ಅವಳಿಗೆ ಕಾಯುವುದು ಏನೂ ಇರಲಿಲ್ಲ.

ಇನ್‌ಸ್ಪೆಕ್ಟರು ಹೇಳಿದ ದಿನ ಬಂದು, ನೋಡಿ, ಸಹಿ ಹಾಕಿದ. ಏಳನೆಯ ಸಾಲಿನಲ್ಲಿ ಒಂದು ಗಳಿಗೆ ತಡೆದು, ಅಲ್ಲಿ ಬೇರೆ ಯಾರದೋ ಹೆಸರು ಕಂಡು, ಪುಟ ತಿರುಗಿಸಿದ. "ಒಳ್ಳೇದು ಮಾಡಿದಿರಿ, ಮೇಸ್ತ್ರಿಗಳೇ" ಎಂದ. ಮಡಿವಾಳೆಪ್ಪ ಕೈ ಮುಗಿದ.

ಅಂದು ಸಂಜೆ ಕೆಲಸ ಬಿಟ್ಟ ಮೇಲೆ ಅವನು ಒಬ್ಬನೇ ಬೆಣ್ಣಿಹಳ್ಳದ ದಂಡೆಗೆ ಇಳಿದ. ಬೇಸಿಗೆಯ ಹಳ್ಳ, ನಡುವಿನಲ್ಲಷ್ಟೇ ಒಂದು ಎಳೆ ನೀರು. ಹೊತ್ತು ಇನ್ನೂ ಮುಳುಗಿರಲಿಲ್ಲ. ಹಾಜರಿಯಲ್ಲಿ ಏನೋ ಕರೆಯುವುದು ಉಳಿದುಹೋಯಿತು ಎಂದು ದಿನವಿಡೀ ಅವನಿಗೆ ಅನ್ನಿಸುತ್ತಿತ್ತು. ಸುತ್ತ ನೋಡಿದ. ಯಾರೂ ಕಾಣಲಿಲ್ಲ.

"ಹೊಳೆಯಪ್ಪ" ಎಂದು ಕೂಗಿದ.

ದನಿ ನೀರು ದಾಟಿ, ಜಾಲಿಯ ಕಂಟಿ ದಾಟಿ, ಎರೆ ಹೊಲದ ಮೇಲೆ ಹೋಯಿತು. ಅವನು ಕಾದ. ಯಾರೂ ಹೂಂ ಅನ್ನಲಿಲ್ಲ. ಒಂದು ಉಸಿರಿನಷ್ಟು ಹೊತ್ತು, ಮತ್ತೊಂದು ಉಸಿರಿನಷ್ಟು ಹೊತ್ತು. ಯಾರೂ ಅನ್ನಲಿಲ್ಲ.

ಆಚೆ ದಂಡೆಯ ಕಂಟಿಯಿಂದ ಒಬ್ಬ ಮುದುಕ ತಲೆ ಹೊರಗೆ ಹಾಕಿದ. ಹೆಗಲಲ್ಲಿ ಕಂಬಳಿ, ಸುತ್ತ ಹತ್ತಿಪ್ಪತ್ತು ಕುರಿ.

"ಯಾರನ್ನ ಒದರಾಕತ್ತೀರಿ, ಯಜಮಾನ್ರ?"

"ನನ್ನ ಗೆಳ್ಯಾನ್ನ."

"ಈ ಕಡೆ ಯಾರೂ ಬಂದಿಲ್ರಿ. ಮಧ್ಯಾನ್ನದಿಂದ ನಾನೊಬ್ಬನ ಅದೀನಿ."

"ಬರಂಗಿಲ್ಲಪಾ" ಎಂದ ಮಡಿವಾಳೆಪ್ಪ. "ಅಂವಾ ಸತ್ತಾನ. ಎರಡು ವರ್ಷ ಆತು."

ಮುದುಕ ಅವನನ್ನು ದಿಟ್ಟಿಸಿದ. ಕೇಳಿದ್ದು ದೊಡ್ಡ ಸಂಗತಿಯೂ ಅಲ್ಲ, ಸಣ್ಣ ಸಂಗತಿಯೂ ಅಲ್ಲ ಎಂಬಂತೆ ತಲೆಯಾಡಿಸಿದ. "ಹಂಗಾರ ಮೆಲ್ಲಕ ಕರೀರಿ" ಎಂದ. "ಸಣ್ಣ ಮರಿ ಅದಾವು, ಬೆದರತಾವು."

ಮಡಿವಾಳೆಪ್ಪ ಆಗಲೆಂದು ಕೈ ಎತ್ತಿದ. ಮತ್ತೆ ಕರೆಯಲಿಲ್ಲ. ಕಣ್ಣು ಒದ್ದೆಯಾದದ್ದನ್ನು ಒರೆಸಿಕೊಳ್ಳಲೂ ಇಲ್ಲ. ಮರಿಗಳು ಒಂದೊಂದಾಗಿ ಇಳಿದು, ಮೊಣಕಾಲೂರಿ ನೀರು ಕುಡಿದು ಮುಗಿಸುವ ತನಕ ಅಲ್ಲೇ ಕುಳಿತಿದ್ದ.